ಪನ್ನಾ ಕೋಟಾ ಕೊಂಡೊಯ್ದ ಡಬ್ಬಿ

ಬಸವಕುಮಾರ್ ತನ್ನ ಐವತ್ತಾರನೆಯ ವಯಸ್ಸಿನಲ್ಲಿ ಮೊಟ್ಟಮೊದಲ ಸಲ ಅಡುಗೆಗೆಂದು ಒಲೆಯ ಮುಂದೆ ನಿಂತದ್ದು ಅನ್ನ ಸಾರಿಗಲ್ಲ, ಪನ್ನಾ ಕೋಟಾ ಎಂಬ ಇಟಲಿಯ ಕೆನೆ ಸಿಹಿಗೆ. ನಗಬೇಡಿ. ಮೂರು ತಿಂಗಳಿಂದ ಮೆಸ್ಸಿನ ಊಟ ತಿಂದುಕೊಂಡು, ವಿಜಯನಗರದ ಮನೆಯಲ್ಲಿ ಟೀವಿಗೆ ಉತ್ತರ ಕೊಟ್ಟುಕೊಂಡು ಕೂತಿದ್ದ ಮನುಷ್ಯ. ಹೆಂಡತಿ ಶಶಿಕಲಾ ಮನೆ ಬಿಟ್ಟು ಹೋದದ್ದು ಆ ಸಿಹಿಯ ದೆಸೆಯಿಂದ. ಅವಳನ್ನು ಕರೆತರುವುದಾದರೂ ಅದರಿಂದಲೇ ಎಂದು ಹಟ ಹಿಡಿದಿದ್ದ.

ಆದದ್ದು ಇಷ್ಟು. ಅವನ ಆಫೀಸಿನವರು ಎಂಟು ಜನ ಊಟಕ್ಕೆ ಬಂದಿದ್ದರು. ಶಶಿಕಲಾ ಎರಡು ದಿನ ಮೊಬೈಲ್ ನೋಡಿ ಕಲಿತು, ಕಿತ್ತಳೆಯ ಘಮದ ಪನ್ನಾ ಕೋಟಾ ಮಾಡಿ, ಗಾಜಿನ ಲೋಟಗಳಲ್ಲಿ ತಂದಿಟ್ಟಳು. ಬಂದವರಲ್ಲೊಬ್ಬ ಮಹಾ ಬುದ್ಧಿವಂತ, "ಇದು ಹೀಗೆ ಗಟ್ಟಿಯಾಗೋಕೆ ಜೆಲಾಟಿನ್ ಹಾಕ್ತಾರೆ ಸಾರ್, ಪ್ರಾಣಿಗಳ ಎಲುಬಿಂದ ಮಾಡೋದು" ಎಂದ. ಅಷ್ಟೇ ಸಾಕಾಯಿತು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಎಲುಬೇ ಎಂದು ಬಸವಕುಮಾರ್ ಎಂಟೂ ಲೋಟಗಳನ್ನು ಎಲ್ಲರೆದುರಿಗೇ ಸಿಂಕಿಗೆ ಸುರಿದ. "ಒಂದ್ನಿಮಿಷ ಇಲ್ಕೇಳ್ರೀ" ಎಂದು ಅವಳು ಎರಡು ಸಲ ಅಂದಳು. ಕೇಳುವ ಗಂಡಸೇ ಇವನು! ಮರುದಿನ ಬೆಳಿಗ್ಗೆ ಅವಳು ನಾಲ್ಕು ಸೀರೆ ಮಡಚಿಕೊಂಡು ಶ್ರೀಗಂಧದ ಕಾವಲು ಬಡಾವಣೆಯಲ್ಲಿದ್ದ ತಮ್ಮನ ಮನೆಗೆ ಹೋದಳು.

ಕೋಪ ಇಳಿದ ಮೇಲೆ ಬರ್ತಾಳೆ ಬಿಡು ಎಂದುಕೊಂಡ. ಬರಲಿಲ್ಲ. ಫೋನ್ ಮಾಡಿದರೆ ತಮ್ಮ ಮಂಜುನಾಥ್ ಎತ್ತಿ, "ಅಕ್ಕ ಸ್ನಾನಕ್ಕೆ ಹೋಗಿದಾಳೆ ಭಾವ" ಅನ್ನುತ್ತಿದ್ದ. ಮೂರು ತಿಂಗಳು ಬೆಳಿಗ್ಗೆ ಸಂಜೆ ಯಾರಾದರೂ ಸ್ನಾನ ಮಾಡುತ್ತಾರೆಯೇ? ಹಾಸಿಗೆಯ ಅವಳ ಕಡೆಯ ಮಗ್ಗುಲಿನಲ್ಲಿ ಪೇಪರುಗಳು ಗುಡ್ಡೆಯಾದವು. ಬೆಳಿಗ್ಗೆ ಎದ್ದು ಎರಡು ಲೋಟ ಕಾಫಿ ಬೆರೆಸಿ, ಎರಡನ್ನೂ ತಾನೇ ಕುಡಿಯುತ್ತಿದ್ದ.

ಹೋದ ವಾರ ಪಕ್ಕದ ಮನೆಯ ಪಾರವ್ವ ಒಂದು ಡಬ್ಬಿಯಲ್ಲಿ ಹೋಳಿಗೆ ಕೊಟ್ಟಳು. ತಿಂದು, ಡಬ್ಬಿ ತೊಳೆದು ಹಿಂದಿರುಗಿಸಲು ಹೊರಟವನು ಬಾಗಿಲಲ್ಲೇ ನಿಂತ. "ಬೇರೆ ಮನೆ ಡಬ್ಬೀನ ಖಾಲಿ ಕಳಿಸ್ಬಾರ್ದು ರೀ, ಒಂದು ಹಿಡಿ ಸಕ್ಕರೆನಾದ್ರೂ ಹಾಕಿ" ಎಂದು ಶಶಿಕಲಾ ಮೂವತ್ತು ವರ್ಷ ಹೇಳುತ್ತಾ ಬಂದಿದ್ದಳು. ಸಕ್ಕರೆ ಹುಡುಕುತ್ತಾ ಒಂದೊಂದೇ ಡಬ್ಬ ತೆರೆದ. ರವೆ ಡಬ್ಬದ ಹಿಂದೆ ಅರ್ಧ ಖಾಲಿಯಾದ ಒಂದು ಪೊಟ್ಟಣ ಸಿಕ್ಕಿತು. ಒಳಗೆ ಬಿಳಿ ಎಳೆಗಳು, ಮೇಲೆ ಸಸ್ಯಾಹಾರದ ಹಸಿರು ಚುಕ್ಕೆ. ಡಬ್ಬಿಯ ಜೊತೆ ಅದನ್ನೂ ಪಾರವ್ವನ ಮುಂದೆ ಹಿಡಿದ.

"ಇದ ಚೈನಾ ಗ್ರಾಸ್ ರೀ, ಸಿಹಿ ಗಟ್ಟಿ ಮಾಡೋ ಸಮುದ್ರದ ಪಾಚಿ" ಎಂದಳು ಅವಳು. "ಅವತ್ತ ಶಶಿಕಲಾ ಹಾಕಿದ್ದು ಇದನ್ನ. ನಾನ ತಂದು ಕೊಟ್ಟಿದ್ದೆ. ಎಲುಬೂ ಇಲ್ಲ, ಗಿಲುಬೂ ಇಲ್ಲ."

"ಮತ್ತೆ ಅವಳು ಹೇಳ್ಲೇ ಇಲ್ವಲ್ಲ?"

"ನೀವು ಕೇಳಿದ್ರೇನು?" ಎಂದಳು ಪಾರವ್ವ.

ಅವನ ಮುಖ ಸಣ್ಣಗಾಯಿತು. ಆ ರಾತ್ರಿ ಮೆಸ್ಸಿಗೂ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಶುರುವಾಯಿತು ಸಾಹಸ. ಕುದಿಯುವ ಹಾಲು ಕೆನೆಗೆ ಧಾರಾಳವಾಗಿ ಕಿತ್ತಳೆ ರಸ ಹಿಂಡಿದ. ಹಾಲು ಒಡೆದು ಹೋಯಿತು. ಶಿವನೇ ಎಂದು ಅಲ್ಲೇ ನೆಲದ ಮೇಲೆ ಕೂತ. ಆಮೇಲೆ ಶಶಿಕಲಾಳ ಅಡುಗೆಯ ನೋಟ್‌ಬುಕ್ ತೆರೆದು ನೋಡಿದರೆ, ಅವಳ ದುಂಡು ಅಕ್ಷರದಲ್ಲಿ ಸ್ಪಷ್ಟವಾಗಿತ್ತು: 'ರಸ ಹಾಕಬಾರದು. ಸಿಪ್ಪೆಯ ತುರಿ ಮಾತ್ರ.' ಮತ್ತೆ ಅಂಗಡಿಗೆ ಓಡಿ ಹಾಲು, ಕ್ರೀಮ್ ತಂದ. ಸಿಪ್ಪೆ ತುರಿಯುವಾಗ ಬೆರಳೂ ತುರಿದುಕೊಂಡ. ನೆನೆಸಿದ ಚೈನಾ ಗ್ರಾಸ್ ನೀರಿನಲ್ಲಿ ಕುದಿದು ಕರಗಿತು. ಸಕ್ಕರೆ ಹಾಕಿದ ಬಿಸಿ ಕೆನೆಗೆ ಅದನ್ನೂ ತುರಿಯನ್ನೂ ಬೆರೆಸಿ, ಸೋಸಿ, ಸ್ಟೀಲ್ ಡಬ್ಬಿಗೆ ಸುರಿದು ಗಟ್ಟಿಯಾಗಲು ಫ್ರಿಜ್ಜಿನಲ್ಲಿಟ್ಟ. ಮದುವೆಯಲ್ಲಿ ಅವಳ ತವರಿನಿಂದ ಬಂದ ಡಬ್ಬಿ ಅದು. ಮುಚ್ಚಳದ ಮೇಲೆ ಇಬ್ಬರ ಹೆಸರೂ ಕೆತ್ತಿಸಿತ್ತು.

ಮಧ್ಯಾಹ್ನದ ಬಸ್ಸಿನಲ್ಲಿ ಮಾಗಡಿ ರೋಡಿನ ಹಳ್ಳಗಳನ್ನೆಲ್ಲ ದಾಟಿ, ಸೆಕೆಯಲ್ಲಿ ಬೇಯುತ್ತಾ ಹೋದ. ಮಂಜುನಾಥ್ "ಬನ್ನಿ ಭಾವ" ಎಂದು ಕೂರಿಸಿ ಒಳಗೆ ಹೋದ. ಶಶಿಕಲಾ ಬಂದಳು. ಸ್ವಲ್ಪ ಇಳಿದಿದ್ದಳು, ಆದರೆ ಮುಖ ನಿರಾಳವಾಗಿತ್ತು.

"ಊಟ ಆಯ್ತಾ?" ಎಂದಳು.

ಅವನು ಡಬ್ಬಿಯನ್ನು ಅವಳ ಕೈಗಿಟ್ಟ. "ಎಲುಬಿರ್ಲಿಲ್ಲ ಕಣೇ. ನಂಗೊತ್ತಾಯ್ತು. ಅವತ್ತು ನೀನು ಹೇಳೋದು ನಾನು ಕೇಳ್ಬೇಕಿತ್ತು. ತಪ್ಪು ನಂದೇ." ಈ ಮಾತನ್ನು ಬಸ್ಸಿನಲ್ಲಿ ಹತ್ತು ಸಲ ಉರು ಹೊಡೆದಿದ್ದ.

ಅವಳು ಮುಚ್ಚಳ ತೆಗೆದಳು. ಅಷ್ಟು ಕುಲುಕಾಟಕ್ಕೂ ಒಂದಿಷ್ಟೂ ಒಡೆಯದೆ ಕೂತಿತ್ತು. ಒಂದು ಚಮಚ ಬಾಯಿಗಿಟ್ಟಳು, ಇನ್ನೊಂದು ಇಟ್ಟಳು.

"ಚೆನ್ನಾಗಿದೆ. ಸಕ್ಕರೆ ಒಂಚೂರು ಜಾಸ್ತಿ."

ಬಸವಕುಮಾರನಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಮನೆಗೆ ಬಾರೇ" ಎಂದ.

ಅವಳು ಡಬ್ಬಿ ಎತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಗೆ ಬಗ್ಗಿಸಿಕೊಂಡ ಸದ್ದು, ನಲ್ಲಿಯ ಸದ್ದು ಕೇಳಿಸಿತು. ಡಬ್ಬಿ ತೊಳೀತಿದಾಳೆ, ಸೀರೆ ಮಡಚಿಕೊಂಡು ಬರ್ತಾಳೆ ಎಂದು ಅವನು ಲೆಕ್ಕ ಹಾಕಿದ. ಬ್ಯಾಗನ್ನು ತಾನೇ ಹಿಡಿದುಕೊಳ್ಳಬೇಕು, ಬಸ್ಸು ಬೇಡ, ಆಟೋದಲ್ಲೇ ಹೋಗುವುದು. ಮೊದಲು ಹಾಸಿಗೆಯ ಮೇಲಿನ ಪೇಪರುಗಳನ್ನು ತೆಗೆಯಬೇಕು.

ಅವಳು ಬ್ಯಾಗಿಲ್ಲದೆ ಬಂದಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಒಳಗೆ ಏನೋ ಸರ್ರೆಂದು ಜಾರಿತು. ಅವನು ಮುಚ್ಚಳ ತೆಗೆದು ನೋಡಿದ. ಒಂದು ಹಿಡಿ ಸಕ್ಕರೆ.

"ಇದೇನೇ, ನಂಗೂನಾ? ಇದು ನಮ್ಮನೆ ಡಬ್ಬಿ ಅಲ್ವೇನೇ?"

"ಖಾಲಿ ಕಳಿಸ್ಬಾರ್ದಲ್ಲ" ಎಂದಳು ಶಶಿಕಲಾ. ದನಿಯಲ್ಲಿ ಕೋಪವಿರಲಿಲ್ಲ. "ಬಿಸಿಲು ಜೋರಾಗಿದೆ, ನೋಡ್ಕೊಂಡು ಹೋಗಿ."

ವಾಪಸು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ. ಡಬ್ಬಿ ತೊಡೆಯ ಮೇಲಿತ್ತು. ಮೂವತ್ತು ವರ್ಷದಲ್ಲಿ ಅವಳು ಸಕ್ಕರೆ ಹಾಕಿ ಕಳಿಸಿದ್ದೆಲ್ಲ ಬೇರೆ ಮನೆಯವರ ಡಬ್ಬಿಗೆ. ಬಸ್ಸು ತಿರುಗಿದಾಗೆಲ್ಲ ಸಕ್ಕರೆ ಒಳಗೆ ಈ ಕಡೆಯಿಂದ ಆ ಕಡೆಗೆ ಸರಿಯುತ್ತಿತ್ತು. ಬಸವಕುಮಾರ್ ಮುಚ್ಚಳದ ಮೇಲೆ, ಇಬ್ಬರ ಹೆಸರೂ ಮುಚ್ಚುವಂತೆ ಅಂಗೈ ಇಟ್ಟುಕೊಂಡು, ಪಕ್ಕದವರು ನೋಡುತ್ತಿದ್ದರೂ ಅತ್ತ.