ಡಬಲ್ ಬೆಲ್

“ಎದಿ ಕೆಟ್ಟದ ಅಂದ್ರ ಕಾಲು ಯಾಕ ಕೊಯ್ತೀರಿ?” ಎಂದು ಸುಂದ್ರವ್ವ ಮೂರನೆಯ ಸಲ ಕೇಳಿದಳು.

ಮೂರನೆಯ ಸಲವೂ ಡಾಕ್ಟರ್ ಗುರಲಿಂಗಪ್ಪ ಉತ್ತರ ಕೊಟ್ಟ. ಅವಳ ಗಂಡನ ಹೃದಯಕ್ಕೆ ರಕ್ತ ಒಯ್ಯುವ ಕೊಳವೆ ಕಟ್ಟಿಕೊಂಡಿದೆ. ಕಾಲಿನಿಂದ ಒಂದು ರಕ್ತದ ನರ ತೆಗೆದು, ಕಟ್ಟಿದ ಜಾಗವನ್ನು ದಾಟಿಸಿ ಹೊಲಿದರೆ ರಕ್ತಕ್ಕೆ ಹೊಸ ದಾರಿಯಾಗುತ್ತದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆ ನರದೊಳಗೆ ಒಂದೇ ದಿಕ್ಕಿಗೆ ತೆರೆಯುವ ಸಣ್ಣ ಬಾಗಿಲುಗಳಿವೆ, ಅದಕ್ಕೇ ಅದನ್ನು ತಿರುವಿ ಹೊಲಿಯಬೇಕಾಗುತ್ತದೆ ಎಂದೂ ಹೇಳಿ ಕೆಟ್ಟ.

“ತಿರುವ್ಯಾಕ ಹಾಕ್ತೀರಿ? ನೆಟ್ಟಗ ಹಾಕಾಕ ಬರಂಗಿಲ್ಲೇನು?”

“ಸುಮ್ನಿರ,” ಎಂದ ಮಂಚದ ಮೇಲಿದ್ದ ಬಂಡೆಪ್ಪ. “ಬಸ್ ಇದ್ದಂಗ ಅದು. ಹಿಂದಿನ ಬಾಗಲಾಗ ಹತ್ತೂದು, ಮುಂದಿನ ಬಾಗಲಾಗ ಇಳಿಯೂದು. ಉಲ್ಟಾ ಹತ್ತಿದವರ್ನ ನಾ ಬಿಡ್ತಿದ್ನೇನು?”

ಬಂಡೆಪ್ಪ ಮುಂಬಯಿಯಲ್ಲಿ ಇಪ್ಪತ್ತು ವರ್ಷ ಬಸ್ ಕಂಡಕ್ಟರನಾಗಿ ನಿಂತೇ ಇದ್ದವನು. ನಿಂತೂ ನಿಂತೂ ಎಡಗಾಲಿನ ನರಗಳು ನೀಲಿ ಹಗ್ಗದಂತೆ ಗಂಟು ಹಾಕಿಕೊಂಡಿದ್ದವು. ಬಾಯಿಗೆ ಮಾತ್ರ ಯಾವ ಗಂಟೂ ಇರಲಿಲ್ಲ. ಘಾಟ್ಕೋಪರದ ಸೇಠಾಣಿ ಚಿಲ್ಲರೆ ಹುಡುಕುವ ಚೆಂದ, ಮಲಾಡಿನ ಕಾರಕೂನ ನಿದ್ದೆಯಿಂದೆದ್ದು ತನ್ನ ಸ್ಟಾಪು ಕೇಳುವ ಧಾಟಿ, ಎಲ್ಲವನ್ನೂ ವಾರ್ಡಿಗೆ ಮಾಡಿ ತೋರಿಸಿಯಾಗಿತ್ತು. ಈಗ ಚೀಫ್ ಸರ್ಜನ್ನರ ಸರದಿ. ರೋಗಿಯ ಮುಖ ನೋಡುವ ಮೊದಲೇ ಗದ್ದ ಮೇಲೆತ್ತಿ “ವ್ಹೆರಿ ಗುಡ್, ವ್ಹೆರಿ ಗುಡ್” ಎನ್ನುತ್ತ ದಾಟಿಹೋಗುವ ಅವರನ್ನು ಮಲಗಿದಲ್ಲೇ ಮಾಡಿ ತೋರಿಸಿ, ಬೈಯಲು ಬಂದ ನರ್ಸನ್ನೂ ನಗಿಸಿದ್ದ.

“ಆ ವ್ಹೆರಿ ಗುಡ್ ನನ್ನ ಎದಿಗೆ ಕೈ ಹಚ್ಚಬಾರದು,” ಎಂದ ಈಗ. “ನೀ ನಮ್ಮ ಚಾಳಿನ ಹುಡುಗ, ನೀನ ಮಾಡಬೇಕು. ಇಲ್ಲಂದ್ರ ನಾಳೆ ಆಂಟಾಪ್ ಹಿಲ್‌ಗೆ ವಾಪಸ್.”

“ಕಾಕಾ, ಹಂಗ ಮನಿಗೆ ಹೋದ್ರ ಮುಂದಿನ ಅಟ್ಯಾಕಿಗೆ ಉಳಿಯಂಗಿಲ್ಲ.”

“ಅದಕ್ಕ ನಿನಗ ಮಾಡು ಅನ್ನಾಕತ್ತೇನಿ.”

ಇದೆಲ್ಲ ಗುರಲಿಂಗಪ್ಪನ ತಾಯಿ ಲಕ್ಷ್ಮವ್ವನ ಪ್ರಸಾದ. ‘ನನ್ನ ಮಗ ಹಾರ್ಟಿನ ಆಪರೇಶನ್ ಮಾಡ್ತಾನ’ ಎಂದು ಚಾಳಿನ ನಲ್ಲಿಯ ಹತ್ತಿರ ಅವಳು ಸಾರಿ ಎರಡು ವರ್ಷವಾಗಿತ್ತು. ಪೂರ್ತಿ ಸುಳ್ಳೂ ಅಲ್ಲ. ಅವನಿದ್ದದ್ದು ಹೃದಯದ ವಿಭಾಗದಲ್ಲೇ. ಆದರೆ ಚೀಫ್ ಮೇಲ್ತುದಿಯಲ್ಲಿ ಎದೆ ಬಿಚ್ಚುವಾಗ ಇವನು ಟೇಬಲ್ಲಿನ ಇನ್ನೊಂದು ತುದಿಯಲ್ಲಿ ಕಾಲು ಹಿಡಿದುಕೊಂಡಿರುತ್ತಿದ್ದ. ಜೊತೆಯವರು ಒಬ್ಬೊಬ್ಬರಾಗಿ ಎದೆಗೆ ಬಡ್ತಿ ಪಡೆದರೂ ಇವನ ಪಾಲಿಗೆ ಕಾಲು ತಪ್ಪಲಿಲ್ಲ. ತಾಯಿಗೆ ತಿಳಿಸಿ ಹೇಳುವುದಕ್ಕಿಂತ ಸುಮ್ಮನಿರುವುದು ಸುಲಭವೆನಿಸಿ ಸುಮ್ಮನಿದ್ದ.

ಅಷ್ಟರಲ್ಲಿ ಲಕ್ಷ್ಮವ್ವನೇ ರೊಟ್ಟಿ ಡಬ್ಬಿ ಹಿಡಿದು ವಾರ್ಡಿಗೆ ಬಂದಳು. ಮಗನನ್ನು ಒಮ್ಮೆ, ಸುತ್ತಲಿನ ಮಂಚಗಳನ್ನೊಮ್ಮೆ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದಳು: “ಹೆದರಬ್ಯಾಡೋ ಬಂಡೆಪ್ಪಾ. ನನ್ನ ಮಗ ಕೈ ಹಚ್ಚಿದ ಎದಿ ಮತ್ತ ಕೆಟ್ಟಿದ್ದಿಲ್ಲ.”

“ಅವ್ವಾ, ನಾ ಇನ್ನೂ ಯಾರ ಎದೀನೂ ಮುಟ್ಟಿಲ್ಲ.” ಗುರಲಿಂಗಪ್ಪನ ದನಿ ಅವನೆಣಿಸಿದ್ದಕ್ಕಿಂತ ದೊಡ್ಡದಾಗಿತ್ತು. “ನಂದು ಬರೇ ಕಾಲು. ಕಾಲು ಕೊಯ್ಯೂದು, ನರ ತಗಿಯೂದು, ಕಾಲು ಹೊಲಿಯೂದು. ಎದಿ ಸಾಹೇಬ್ರು ಮಾಡ್ತಾರ. ಸಾಕಾಗೇದ ನನಗೂ.”

ಲಕ್ಷ್ಮವ್ವ ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟಳು. “ಮೊದಲ ಹೇಳಬೇಕಿತ್ತಲ್ಲ,” ಎಂದಷ್ಟೇ ಅಂದು ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಬಂಡೆಪ್ಪ ಹೊದಿಕೆ ಸರಿಸಿ ತನ್ನ ಕಾಲು ನೋಡಿಕೊಂಡ.

“ನರ ಕೆಟ್ಟದ್ದಿದ್ರ?”

“ಹೊಸ ದಾರೀನೂ ಕಟ್ಕೋತದ.”

“ಛಲೋದೋ ಕೆಟ್ಟದ್ದೋ ಯಾರು ನೋಡೋರು? ಸಾಹೇಬ್ರೇನು?”

“ಅವರ ಕಣ್ಣು ಎದೀ ಮ್ಯಾಲಿರ್ತದ. ನಾನ ನೋಡಬೇಕು.”

“ಹಂಗಂದ್ರ ಅವರು ಡ್ರೈವರ್, ನೀ ಕಂಡಕ್ಟರ್.” ಬಂಡೆಪ್ಪ ಮೊಣಕೈ ಊರಿ ಎದ್ದ. “ಬಾಗಲಾಗ ಜನ ಜೋತಾಡಾಕತ್ತಿದ್ರ ನಾ ಡಬಲ್ ಬೆಲ್ ಕೊಡ್ತಿದ್ದಿಲ್ಲ. ಡ್ರೈವರ್ ಬೈತಿದ್ದ, ಒಳಗಿದ್ದವರು ಬೈತಿದ್ರು. ಬೆಲ್ ಆಗದ ಗಾಡಿ ಹೊಂಡಂಗಿಲ್ಲ. ನೀನೂ ಕೊಡಬ್ಯಾಡ. ಹಂಗಾದ್ರ ಹೂಂ ಅಂತೀನಿ.”

ಮರುದಿನ ಗುರಲಿಂಗಪ್ಪ ಬಲಗಾಲಿನ ಹರಡಿನ ಒಳಗಂಟಿನ ಮುಂದೆ ಚರ್ಮ ಕೊಯ್ದು ನರ ಹಿಡಿದ. ಅದರ ಗುಂಟ ಮೇಲೇರುತ್ತ, ಪಕ್ಕದ ಕವಲುಗಳನ್ನು ಒಂದೊಂದಾಗಿ ರೇಷ್ಮೆ ದಾರದಿಂದ ಕಟ್ಟಿ ಕತ್ತರಿಸಿದ. ಮೊಣಕಾಲಿನ ಹತ್ತಿರ ಬರುವಷ್ಟರಲ್ಲಿ ಬೆರಳಿಗೆ ಅನುಮಾನ ಬಂತು. ಹೊರಗಿನಿಂದ ಸರಳವಾಗಿ ಕಂಡಿದ್ದ ನರ ಒಳಗೆ ದಪ್ಪವಾಗಿ ಬಿರುಸಾಗಿತ್ತು. ಹೊರತೆಗೆದು ಸಿರಿಂಜಿನಿಂದ ಮೆಲ್ಲಗೆ ನೀರು ತುಂಬಿದರೆ ಒಂದು ಕಡೆ ಉಬ್ಬಿತು, ಇನ್ನೊಂದು ಕಡೆ ಹುರಿಯಂತೆ ಹಾಗೇ ಉಳಿಯಿತು.

“ಗುರು, ಮೇರಾ ವೇನ್ ಕಿಧರ್ ಹೈ?” ಎಂದು ಚೀಫ್ ನರ ಕೇಳಿದರು.

“ಸರ್, ಯಹ್ ಥೋಡಾ ಖರಾಬ್ ಹೈ.”

ಚೀಫ್ ಪರದೆಯ ಮೇಲಿನಿಂದ ಅರೆಗಣ್ಣು ಹಾಕಿದರು. “ಚಲೇಗಾ.”

ನಡೆಯುತ್ತದೆ ಬಿಡು ಎಂಬ ಆ ಮಾತು ಅವನು ಹಿಂದೆಯೂ ಕೇಳಿದ್ದ. ಕೇಳಿದೊಡನೆ ಜವಾಬ್ದಾರಿ ಅವರ ಹೆಗಲಿಗೆ ಹೋಯಿತೆಂದು ನಿರಾಳವಾಗುತ್ತಿದ್ದ.

“ನಹೀ ಚಲೇಗಾ, ಸರ್.”

ನರ್ಸಿನ ಕೈಯ ಚಿಮಟ ಗಾಳಿಯಲ್ಲೇ ನಿಂತಿತು. ಗುರಲಿಂಗಪ್ಪ ಆ ನರವನ್ನು ಕಸದ ಬಟ್ಟಲಿಗೆ ಹಾಕಿ, ಬ್ಲೇಡಿಗೆ ಕೈ ಚಾಚಿ ತೊಡೆಯ ಮೇಲೆ ಹೊಸದಾಗಿ ಕೊಯ್ಯತೊಡಗಿದ.

“ಮೈ ಇಧರ್ ಛಾತಿ ಖೋಲ್‌ಕೇ ಖಡಾ ಹೂಂ,” ಎಂದರು ಚೀಫ್, “ಔರ್ ಸಾಹಬ್ ಉಧರ್ ಶಾಪಿಂಗ್ ಕರ್ ರಹೇ ಹೈಂ.”

ಎದೆ ಬಿಚ್ಚಿಟ್ಟು ತಾವು ಕಾಯಬೇಕೇ ಎಂದು ಅವರು ಇನ್ನೂ ಬಹಳ ಅಂದರು. ವಯಸ್ಸಿನ ಮಾತು, ಹುಬ್ಬಳ್ಳಿಯ ಮೆಡಿಕಲ್ ಕಾಲೇಜಿನ ಮಾತು, ಮುಂದಿನ ತಿಂಗಳ ಪೋಸ್ಟಿಂಗಿನ ಮಾತು. ಗುರಲಿಂಗಪ್ಪ ಕವಲು ಕಟ್ಟುತ್ತಿದ್ದ. ತೊಡೆಯ ನರ ಮೆತ್ತಗಿತ್ತು. ನೀರು ತುಂಬಿದಾಗ ಉದ್ದಕ್ಕೂ ಒಂದೇ ಸಮ ಉಬ್ಬಿತು, ಒಂದು ಹನಿಯೂ ಜಿನುಗಲಿಲ್ಲ. ದಿಕ್ಕು ತಪ್ಪದಿರಲೆಂದು ಕೆಳತುದಿಗೆ ದಾರದ ಗುರುತು ಕಟ್ಟಿ, ಬಟ್ಟಲಲ್ಲಿಟ್ಟು ಮುಂದೆ ಹಿಡಿದ.

“ರೆಡಿ, ಸರ್.”

ಚೀಫ್ ಅದನ್ನು ದೀಪಕ್ಕೆತ್ತಿ ಹೊರಳಿಸಿ ನೋಡಿದರು. ಎಲ್ಲದಕ್ಕೂ ವ್ಹೆರಿ ಗುಡ್ ಎನ್ನುವವರು ಏನೂ ಅನ್ನದೆ ಹೊಲಿಯಲು ಬಾಗಿದರು.

ಬಂಡೆಪ್ಪ ಬದುಕಿದ. ಚಾಳಿಗೆ ಮರಳಿದ ಮೇಲೆ ಎದೆಯನ್ನು ಮರೆತೇಬಿಟ್ಟ, ಕಾಲು ಮಾತ್ರ ಅವನನ್ನು ಮರೆಯಲಿಲ್ಲ. “ಎದಿ ಕೊಯ್ದದ್ದು ಗೊತ್ತಾ ಇಲ್ಲ. ಕಾಲು ಜೀವ ತಿನ್ನಾಕತ್ತದ,” ಎಂದು ನರಳುತ್ತಲೇ ಲುಂಗಿ ಎತ್ತಿ, ಹರಡಿನಿಂದ ತೊಡೆಯವರೆಗಿನ ಹೊಲಿಗೆಯನ್ನು ಬಂದವರಿಗೆಲ್ಲ ತೋರಿಸಿದ. “ಇದು ನಮ್ಮ ಗುರಲಿಂಗನ ಕೈ.”

ಪರಿಣಾಮವಾಗಿ ಭಾನುವಾರ ಗುರಲಿಂಗಪ್ಪನ ಬಾಗಿಲಲ್ಲಿ ಕಾಲುಗಳು ಸಾಲುಗಟ್ಟಿದವು. ಹನುಮವ್ವನ ಮೊಣಕಾಲು, ಮಲ್ಲಕ್ಕನ ಆಣಿ, ಯಾರದೋ ಒಡೆದ ಹಿಮ್ಮಡಿ. ಇದು ನನ್ನ ಕೆಲಸ ಅಲ್ಲ ಎಂದು ಅವನು ಪ್ರತಿಯೊಬ್ಬರಿಗೂ ಹೇಳಿದ, ಪ್ರತಿಯೊಬ್ಬರೂ ಹೂಂ ಅಂದು ಕಾಲು ಚಾಚಿದರು. ಲಕ್ಷ್ಮವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಬೇಕಾದ್ದಕ್ಕಿಂತ ಜೋರಾಗಿ. ವಾರ್ಡಿನಲ್ಲಿ ಆಡಿದ್ದೇ ಕೊನೆ, ಅವಳು ಮಗನ ಜೊತೆ ಮಾತಾಡಿರಲಿಲ್ಲ.

ಕೊನೆಯವರು ಹೋದ ಮೇಲೆ ರೊಟ್ಟಿಯ ಸದ್ದು ನಿಂತಿತು. ಅವಳು ಬಂದು ಹೊಸ್ತಿಲ ಮೇಲೆ ಕೂತು, ಮುಖವನ್ನು ಗ್ಯಾಲರಿಯ ಕಡೆಗೆ ತಿರುಗಿಸಿ, ಸೀರೆಯ ಅಂಚನ್ನು ಗೇಣಿನಷ್ಟು ಮೇಲೆಳೆದುಕೊಂಡಳು. ಕಾಲಿನ ಮೀನಖಂಡದ ಮೇಲೆ ನೀಲಿ ನರಗಳು ಗಂಟುಗಂಟಾಗಿ ಹೆಣೆದುಕೊಂಡಿದ್ದವು.

ಗುರಲಿಂಗಪ್ಪ ನೆಲಕ್ಕೆ ಕೂತು ಅವಳ ಹಿಮ್ಮಡಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ಹೆಬ್ಬೆರಳಿನಿಂದ ನರದ ಗುಂಟ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಒತ್ತುತ್ತ ಹೋದ. ಅವಳ ಬೆರಳುಗಳ ಜೋಳದ ಹಿಟ್ಟು ಅವನ ತಲೆಗೂದಲಿಗೆ ಹತ್ತಿತು.