ಕೆಂಪು ಚುಕ್ಕಿ, ಬಿಳಿ ಚುಕ್ಕಿ

ನಾನು ಒಂದು ಕರಿಹಲಗೆ. ಹಳೆಯ ಬಾಗಿಲೊಂದನ್ನು ಕೊಯ್ದು ಬಡಿಗರು ನನ್ನನ್ನು ಮಾಡಿದರು. ಕೀಲಿಯ ತೂತು ಈಗಲೂ ನನ್ನ ಎಡಮೂಲೆಯಲ್ಲಿದೆ.

ಮೊದಲು ಶಾಲೆಯಲ್ಲಿದ್ದೆ, ಮಗ್ಗಿ ಹೊತ್ತುಕೊಂಡು. ಶಾಲೆಗೆ ಹೊಸ ಹಲಗೆ ಬಂದಾಗ ವಾಚನಾಲಯದ ಮಡಿವಾಳಪ್ಪನವರು ನನ್ನನ್ನು ಕೇಳಿ ಪಡೆದರು. ಬಿಸಿಲಿಗೆ ಬಣ್ಣ ಬಿರಿದೀತೆಂದು ತಮ್ಮ ಹೆಗಲ ವಲ್ಲಿಯನ್ನು ನನಗೆ ಹೊದಿಸಿ, ತಾವು ಬರಿತಲೆಯಲ್ಲಿ ನಡೆದರು.

ನಮ್ಮದು ಕೃಷ್ಣಾ ಹೊಳೆಯ ದಂಡೆಯ ಊರು. ಮಹಾಪೂರ ಬಂದಾಗ ಟಿವಿ ಒಂದು ಹೇಳುತ್ತಿತ್ತು, ಪತ್ರಿಕೆ ಒಂದು, ರೇಡಿಯೊ ಇನ್ನೊಂದು. ಮಡಿವಾಳಪ್ಪನವರು ಮೂರನ್ನೂ ನನ್ನ ಮೇಲೆ ಅಕ್ಕಪಕ್ಕ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಿದ್ದರು. ನೀರಿಳಿದ ಮೇಲೆ ಕಣ್ಣಾರೆ ಕಂಡವರು ಬಂದು ಹೇಳಬೇಕು. ಆಗ ಸುದ್ದಿ ನಿಜವಾಗಿದ್ದರೆ ಅದರ ಕೆಳಗಿನ ಚೌಕಟ್ಟಿನಲ್ಲಿ ಎಣ್ಣೆಬಣ್ಣದ ಬಿಳಿ ಚುಕ್ಕಿ, ಸುಳ್ಳಾಗಿದ್ದರೆ ಕೆಂಪು. ಬರಹ ಅಳಿಸಿ ಹೋದರೂ ಚುಕ್ಕಿಗಳು ಉಳಿಯುತ್ತಿದ್ದವು.

ಒಂದು ಶ್ರಾವಣದ ಮುಂಜಾನೆ ಬಳೆ ಮಾರುವ ಬಾಳವ್ವ ಓಡಿ ಬಂದಳು. ಅವಳ ಮಗಳು ಹೊಳೆಯಾಚೆಯ ಹಳ್ಳಿಯಲ್ಲಿದ್ದಳು, ಎರಡನೇ ಹೆರಿಗೆಯಾಗಿ ಹನ್ನೆರಡು ದಿನ.

“ಸರ, ಊರಿಗೂರೇ ಮುಳುಗೇತಿ ಅಂತ ಟೀವ್ಯಾಗ ತೋರ್ಸಾಕತ್ತಾರ್ರಿ. ತೆಪ್ಪ ಹಾಕಿಸಿಕೊಂಡು ನಾ ಹೊಂಟೆ.”

“ಈ ಸೆಳವಿಗೆ ತೆಪ್ಪ ತಡಿಯಂಗಿಲ್ಲವಾ. ಮಂದಿನೆಲ್ಲಾ ಗುಡ್ಡದ ಮ್ಯಾಗಿನ ಕನ್ನಡ ಸಾಲಿಗೆ ಸಾಗಿಸ್ಯಾರ, ದನಾನೂ ಉಳದಾವ ಅಂತ ರೇಡಿಯೊ ಹೇಳೇತಿ. ಇಲ್ಲಿ ನೋಡು.”

“ನಂಗೆಲ್ಲಿ ಓದಾಕ ಬರತೈತ್ರಿ?”

“ದಿನಾ ಬಳಿ ಎಣಸಾಕಿ, ಚುಕ್ಕಿ ಎಣಸಾಕ ಬರಂಗಿಲ್ಲೇನ?”

ಬಾಳವ್ವ ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಯಾವುದು ಟಿವಿಯದು, ಯಾವುದು ರೇಡಿಯೊದ್ದು ಎಂದು ಮಡಿವಾಳಪ್ಪನವರು ಬೆರಳಿಟ್ಟು ತೋರಿಸಿದರು. ಟಿವಿಯ ಕೆಳಗೆ ಒಂಬತ್ತು ಕೆಂಪು, ಎರಡು ಬಿಳಿ. ರೇಡಿಯೊದ ಕೆಳಗೆ ಹತ್ತು ಬಿಳಿ, ಒಂದೇ ಕೆಂಪು. ಆ ಒಂದು ಕೆಂಪಿನ ಮೇಲೆ ಅವಳ ಬೆರಳು ಬಹಳ ಹೊತ್ತು ನಿಂತಿತು.

ಅವಳು ಹೋಗಲಿಲ್ಲ. ಮೂರು ದಿನ ನನ್ನೆದುರೇ ಕುಳಿತಳು. ಮಡಿವಾಳಪ್ಪನವರು ತಮ್ಮ ರೊಟ್ಟಿಯಲ್ಲಿ ಅರ್ಧ ಮುರಿದು ಅವಳ ಬಳೆಬುಟ್ಟಿಯ ಪಕ್ಕ ಇಡುತ್ತಿದ್ದರು.

ನಾಲ್ಕನೆಯ ದಿನ ಟ್ರ್ಯಾಕ್ಟರಿನಲ್ಲಿ ಮಗಳು ಬಂದಳು, ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು. ಬಾಳವ್ವ ಅತ್ತಳು, ನಕ್ಕಳು, ಆಮೇಲೆ ಬಿಳಿ ಬಣ್ಣದ ಡಬ್ಬಿ ಕೇಳಿದಳು. ಹೆಬ್ಬೆರಳು ಅದ್ದಿ ರೇಡಿಯೊದ ಕೆಳಗೆ ಒತ್ತಿದಳು.

ಮಗಳು ಮೆಲ್ಲಗೆ ಹೇಳಿದಳು: “ಯವ್ವಾ, ನಮ್ಮ ಎರಡೂ ಎಮ್ಮಿ ಹೋದವು.”

ಬಾಳವ್ವ ಮಡಿವಾಳಪ್ಪನವರತ್ತ ತಿರುಗಿದಳು. “ಹಂಗಾರ ಕೆಂಪೂ ಒಂದು ಇಡ್ರಿ ಸರ. ನಮ್ಮ ಕೂಸು ಉಳೀತು ಅಂತ ಎಮ್ಮಿ ಸುದ್ದಿ ಖರೆ ಆಗತೈತೇನ್ರಿ?”

ಈಗ ನನಗೆ ವಯಸ್ಸಾಗಿದೆ. ನನ್ನ ಮೈ ಸವೆದು ನುಣುಪಾಗಿದೆ, ಸುಣ್ಣ ಹಿಡಿಯುವುದಿಲ್ಲ. ವಾಚನಾಲಯದ ಕಿಟಕಿಯ ಪಕ್ಕ ಒರಗಿಕೊಂಡಿದ್ದೇನೆ, ಬೆಳಗಿನ ಬಿಸಿಲು ಬೀಳುವ ಕಡೆ. ಬಳೆ ಮಾರಿ ಬಂದಾಗ ಬಾಳವ್ವ ಸೆರಗಿನಿಂದ ನನ್ನ ಧೂಳು ಒರೆಸುತ್ತಾಳೆ. ಅವಳ ಹೆಬ್ಬೆರಳಿನ ಗೆರೆಗಳು ಆ ಬಿಳಿ ಚುಕ್ಕಿಯಲ್ಲಿ ಇನ್ನೂ ಕಾಣುತ್ತವೆ. ಪಕ್ಕದಲ್ಲೇ ಕೆಂಪೂ ಇದೆ. ಎರಡನ್ನೂ ಅವಳು ಒಂದೇ ಸಮನೆ ಒರೆಸುತ್ತಾಳೆ.