ಸುಬ್ಬಮ್ಮನ ಉಸಿರಿನ ಅಳತೆ

ಅರವತ್ತನಾಲ್ಕನೇ ಇಸವಿಯ ಕಾರ್ತಿಕದಲ್ಲಿ ಡಾಕ್ಟರು ನನ್ನ ಹೊಟ್ಟೆ ಒತ್ತಿ ನೋಡಿ, ಆಪರೇಶನ್ ಆಗಲೇಬೇಕು, ಆಮೇಲೆ ಎರಡು ತಿಂಗಳು ಹಾರ್ಮೋನಿಯಂ ಮುಟ್ಟಬಾರದು ಎಂದರು. ಹೊಟ್ಟೆಗೆ ನಾನು ಹೆದರಲಿಲ್ಲ. ಆದರೆ ಮುಂದೆಯೇ ಧನುರ್ಮಾಸವಿತ್ತು. ಅಮೃತಹಳ್ಳಿಯ ಭಜನೆ ಮನೆಯಲ್ಲಿ ಮೂವತ್ತು ದಿನವೂ ಬೆಳಗಿನ ಜಾವ ರಾಮನ ಪದ ಹೇಳಬೇಕು. ಇಪ್ಪತ್ತೆರಡು ವರ್ಷದಿಂದ ಒಂದು ದಿನವೂ ತಪ್ಪಿರಲಿಲ್ಲ. ಹಾರ್ಮೋನಿಯಂ ಪೆಟ್ಟಿಗೆ ಬಾರಿಸಲು ಊರಿಗೆ ನಾನೊಬ್ಬನೇ. ಪದ ಎತ್ತಿಕೊಡುವವರು ಸುಬ್ಬಮ್ಮ, ಎಪ್ಪತ್ತು ದಾಟಿದವರು. ಅವರು ಒಂದು ಸಾಲು ಹೇಳಿದರೆ ಜನ ಅದನ್ನೇ ತಿರುಗಿ ಹೇಳುವರು.

“ಪೆಟ್ಟಿಗೆ ಇಲ್ದೆ ನನ್ ಗಂಟಲು ಎತ್ತಗೋ ಓಗ್ತದೆ ಕದಿರಪ್ಪ. ಈ ವರ್ಸ ನಿಲ್ಸಿಬಿಡಾನ” ಎಂದರು ಸುಬ್ಬಮ್ಮ.

“ನಿಲ್ಸೋ ಮಾತೇ ಬ್ಯಾಡ ಅಕ್ಕಯ್ಯ” ಎಂದೆ.

ಯಶವಂತಪುರದಲ್ಲಿ ರೇಡಿಯೋ ರಿಪೇರಿ ಮಾಡುವ ನರಸಿಂಹಯ್ಯನ ಹತ್ತಿರ ಟೇಪ್ ರೆಕಾರ್ಡರ್ ಇತ್ತು, ರೊಟ್ಟಿಯಗಲದ ಎರಡು ಚಕ್ರ ತಿರುಗುವಂಥದ್ದು. ಪೆಟ್ಟಿಗೆ ಹೊತ್ತು ಅವನ ಅಂಗಡಿಗೆ ಹೋದೆ. ಬಾಗಿಲು ಹಾಕಿ, ಹಾಡಿಲ್ಲದೆ ಬರೀ ಪೆಟ್ಟಿಗೆ ಬಾರಿಸಿ ಪದವನ್ನು ಟೇಪಿಗೆ ತುಂಬಿದೆವು.

“ಎರಡು ಮನೆ ಮೇಲಕ್ಕೆ ಇಡ್ಕೊಳ್ಳಣ್ಣ, ಕಳೆ ಬರ್ತದೆ” ಎಂದ ಅವನು. ಪೆಟ್ಟಿಗೆಯ ಕೀಗಳಿಗೆ ನಾವು ಮನೆ ಎನ್ನುತ್ತೇವೆ. ಎರಡು ಮನೆ ಶ್ರುತಿ ಏರಿಸಿ ಖುಷಿಯಾಗಿಯೇ ಬಾರಿಸಿದೆ.

ಯಂತ್ರವನ್ನೂ ಎರವಲು ತಂದು ಭಜನೆ ಮನೆಯಲ್ಲಿ ಟೇಪು ಹಾಕಿದಾಗ ಸುಬ್ಬಮ್ಮ ಮೊದಲ ಸಾಲಿಗೆ ಕತ್ತು ಚಾಚಿದರು, ಎರಡನೆಯದಕ್ಕೆ ಕೆಮ್ಮಿದರು. ಮೂರನೆಯದಕ್ಕೆ ಟೇಪು ಅವರನ್ನು ಬಿಟ್ಟು ಹೋಗಿತ್ತು. ಜನ ತಿರುಗಿ ಹೇಳುವ ಜಾಗವನ್ನೂ ನಾನು ಬಾರಿಸಿ ತುಂಬಿಬಿಟ್ಟಿದ್ದೆ.

“ಯಾರಪ್ಪ ಬಾರ್ಸಿರೋದು? ನಾಯಿ ಅಟ್ಟಿಸ್ಕೊಂಡು ಬಂದಂಗದೆ!”

“ನಾನೇ ಅಕ್ಕಯ್ಯ.”

“ನೀನಾ? ಅಂಗಾದ್ರೆ ಒಟ್ಟೆ ಬಿಟ್ಟು ಕೈಗೆ ಮಾಡ್ಸ್ಕೋ ಆಪರೇಶನ್ನು!”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ವಿಷಯ ತಿಳಿಯಿತು. ಅಷ್ಟು ವರ್ಷ ಪದದ ನಡೆ ನನ್ನ ಬೆರಳಲ್ಲಿದೆ ಎಂದುಕೊಂಡಿದ್ದೆ. ಅದು ಇದ್ದದ್ದು ಸುಬ್ಬಮ್ಮನ ಉಸಿರಲ್ಲಿ. ಆ ಪದ ಅಳುವುದಲ್ಲ, ಕುಣಿಯುವುದೂ ಅಲ್ಲ. ತುಂಬಿದ ಬಿಂದಿಗೆ ಹೊತ್ತವಳು ತುಳುಕಿಸದೆ ನಡೆದ ಹಾಗೆ ಹೋಗಬೇಕು. ಒಬ್ಬನೇ ಕೂತರೆ ನನ್ನ ಬೆರಳು ಹಗ್ಗ ಬಿಚ್ಚಿದ ಕರು.

ಆಸ್ಪತ್ರೆಗೆ ಸೇರಲು ಮೂರೇ ದಿನ ಉಳಿದಿತ್ತು. ಮಾರನೆಯ ದಿನ ಪೆಟ್ಟಿಗೆ, ಯಂತ್ರದ ಜೊತೆ ಸುಬ್ಬಮ್ಮನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಯಶವಂತಪುರಕ್ಕೆ ಹೋದೆ.

“ಅಜ್ಜಿ ಬಂದವ್ರಲ್ಲ, ಅವರ ಹಾಡನ್ನೇ ತುಂಬ್ಕೊಳ್ಳಾಣ” ಎಂದ ನರಸಿಂಹಯ್ಯ.

ಸುಬ್ಬಮ್ಮ ತಲೆಯಾಡಿಸಿದರು. “ದೀಪ ಅಚ್ಚಿ, ಅದರ ಮುಂದೆ ಬಾಯಲ್ಲಿ ಏಳ್ಬೇಕಪ್ಪ ರಾಮನ ಪದ. ನಾನು ಬದುಕಿರೋವಾಗ ನನ್ ಬಾಯಿ ಆ ಚಕ್ರಕ್ಯಾಕೆ?”

“ದನಿ ಬ್ಯಾಡ ಅಕ್ಕಯ್ಯ. ಎದುರಿಗೆ ಕೂತು ಮನಸಿನಾಗೇ ಏಳ್ಕೊಳಿ, ಸಾಕು.”

ಕಣ್ಣು ಮುಚ್ಚಿ ಕೂತರು. ಆರನೇ ಬಿಳಿ ಮನೆಯಲ್ಲಿ, ಅವರ ಹಳೆಯ ಶ್ರುತಿಯಲ್ಲಿ, ಶುರುಮಾಡಿದೆ. ಬೆರಳನ್ನು ನೋಡಲೇ ಇಲ್ಲ. ಅವರ ಗಂಟಲ ಗುಳಿ ನೋಡುತ್ತ ಬಾರಿಸಿದೆ. ಅದು ಒಳಕ್ಕೆ ಹೋದರೆ ಉಸಿರು ತೆಗೆದುಕೊಂಡರೆಂದು ಅರ್ಥ, ನಾನೂ ತಡೆಯುತ್ತಿದ್ದೆ. ಸಾಲು ಮುಗಿದಾಗ ತಿದಿ ಒತ್ತುತ್ತ ಶ್ರುತಿಯೊಂದನ್ನೇ ಹಿಡಿದು, ಜನ ತಿರುಗಿ ಹೇಳುವಷ್ಟು ಹೊತ್ತು ಕಾಯುತ್ತಿದ್ದೆ. ನರಸಿಂಹಯ್ಯ ಬಾರಿಸು, ಬಾರಿಸು ಎಂದು ಕೈ ಬೀಸಿದ. ನಾನು ಬಾರಿಸಲಿಲ್ಲ.

“ಅರ್ಧ ಟೇಪು ಬರೀ ಗುಂಯ್ ಅಂತದೆ ಕಣಣ್ಣ! ಖಾಲಿ!” ಎಂದ ಮುಗಿದ ಮೇಲೆ.

“ಅದು ಊರಿನೋರ ಪಾಲು. ಮುಟ್ಬೇಡ.”

ಆಪರೇಶನ್ ಆಗಿ ಮನೆಗೆ ಬಂದಾಗ ಧನುರ್ಮಾಸದ ಆರನೇ ದಿನ. ಮರುದಿನ ಜಾವದಲ್ಲಿ ಮಲಗಿದ್ದಲ್ಲೇ ಕೇಳಿದೆ: ಟೇಪಿನ ಪೆಟ್ಟಿಗೆ, ಸುಬ್ಬಮ್ಮನ ದನಿ, ಹಿಂದೆಯೇ ನಲವತ್ತು ಜನ. ಎಲ್ಲೂ ಎಡವಲಿಲ್ಲ. ಮೂರನೇ ನುಡಿಯಲ್ಲಿ ಮಾತ್ರ ನನ್ನ ಬೆರಳು ಪಕ್ಕದ ಮನೆಗೆ ಜಾರಿತ್ತು. ರೆಕಾರ್ಡ್ ಮಾಡುವಾಗ ಗೊತ್ತೇ ಆಗಿರಲಿಲ್ಲ. ನಲವತ್ತು ಜನವೂ ನನ್ನ ಜೊತೆಗೇ ಒಗ್ಗಟ್ಟಾಗಿ ಜಾರಿದರು.

ಮೂವತ್ತು ದಿನವೂ ನಡೆಯಿತು.

ಮಾಘದಲ್ಲಿ ಒಂದು ಶನಿವಾರದ ಭಜನೆಯಲ್ಲಿ ಮತ್ತೆ ಪೆಟ್ಟಿಗೆ ಮುಂದೆ ಕೂತು ಮೂರನೇ ನುಡಿಯನ್ನು ಸರಿಯಾಗಿ ಬಾರಿಸಿದೆ. ಸುಬ್ಬಮ್ಮ ಹಾಡು ನಿಲ್ಲಿಸಿ ಕಣ್ಣು ಕೆಕ್ಕರಿಸಿದರು.

“ಎಲ್ಡು ತಿಂಗಳಿಗೇ ಮರ್ತೋಯ್ತೇನೋ ಕದಿರಪ್ಪ? ಟೇಪಲ್ಲಿ ಎಷ್ಟು ಚೆಂದಾಗಿ ಬಾರ್ಸಿದ್ದೆ!”

“ತಪ್ಪಾಯ್ತು ಅಕ್ಕಯ್ಯ” ಎಂದು ಪಕ್ಕದ ಮನೆಗೆ ಬೆರಳಿಟ್ಟೆ. ನಮ್ಮೂರಲ್ಲಿ ಆ ನುಡಿ ಇವತ್ತಿಗೂ ಹಾಗೇ ನಡೆಯುತ್ತದೆ.